ಹಸಿರಾಗದ ನೀಲಿ

ಅಪ್ಪಾ,

ಲೈಟು ಮಾಡುವ ನಿಮ್ಮ ಮಗಳು ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡಿದ್ದೆಲ್ಲ ತುಳು, ಬರೆಯಲು ಕೂತರೆ ಶಾಲೆಯ ಕನ್ನಡವೇ ಬರುತ್ತದೆ. ಸ್ವಲ್ಪ ಸುಧಾರಿಸಿಕೊಳ್ಳಿ. ನಾಳೆ ನಾನೊಂದು ಉತ್ತರ ಕೊಡಬೇಕು, ತಲೆ ಮೊಸರುಗಡಿಗೆಯಾಗಿದೆ. ಕೇಳಲು ನಿಮ್ಮನ್ನು ಬಿಟ್ಟರೆ ಯಾರಿದ್ದಾರೆ?

ಅತ್ತಾವರದ ಆಸ್ಪತ್ರೆಯಲ್ಲಿ ಗಂಜಿ ಕುಡಿಸುತ್ತಾ, ನಾನು ನೀಲಿ ಬೆಳಕಿನ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ ಎಂದಾಗ ನೀವು ತುಟಿ ಬಿಗಿದುಬಿಟ್ಟಿರಿ. "ಲೈಟ್ ಬೋಟಿನವರಿಗಾ? ಕಡಲಿಗೆ ಬೆಳಕು ಬಿಟ್ಟು ಮರಿ ಮೀನನ್ನೂ ಬಾಚಿಕೊಂಡು ಹೋಗ್ತಾರೆ. ನಾಡದೋಣಿಯವನ ಮಗಳು ಅವರಿಗೆ ಲೈಟ್ ಮಾಡುವುದಾ?" ಬೆಳಕಿನ ಮೀನುಗಾರಿಕೆ ನಿಲ್ಲಿಸಿ ಎಂದು ಬೋಟು ನಿಲ್ಲುವ ದಕ್ಕೆಯಲ್ಲಿ ಗಂಟಲು ಹರಿದುಕೊಂಡವರು ನೀವು. ಬೆಳಕು ಎಂದರೆ ನಿಮಗೆ ಬೇರೇನು ಹೊಳೆದೀತು? ಇದು ಟಿವಿ, ಮೊಬೈಲಿನ ಪರದೆಗೆ ಎಂದು ಆಣೆ ಹಾಕಿದ ಮೇಲೆಯೇ ಗಂಜಿ ಒಳಗೆ ಹೋಯಿತು.

ನೀವು ಅಂಗಳದಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದುದು ಈಚೆಗೆ ಪದೇ ಪದೇ ನೆನಪಾಗುತ್ತದೆ. ನನ್ನ ಕೆಲಸವೂ ಹೆಚ್ಚುಕಡಿಮೆ ಅದೇ. ಪೆರೋವ್‌ಸ್ಕೈಟ್ ಎಂಬ ಹರಳಿನ ತೆಳು ಪದರಕ್ಕೆ ಕರೆಂಟು ಕೊಟ್ಟರೆ ನೀಲಿ ಬೆಳಕು ಬರುತ್ತದೆ. ಬಂದರೆ ಸಾಕೇ, ನಿಲ್ಲಬೇಡವೇ? ಪದರದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಅವುಗಳ ದಾರಿ ಹಿಡಿದು ಒಳಗಿನ ಕ್ಲೋರಿನ್, ಬ್ರೋಮಿನ್ ಜಾಗ ಬದಲಿಸುತ್ತವೆ, ನೋಡುತ್ತಿದ್ದಂತೆ ನೀಲಿ ಹೋಗಿ ಹಸಿರಾಗುತ್ತದೆ. ಅದರ ಮೇಲೆ ನಮ್ಮೂರಿನ ಹಸಿ ಗಾಳಿ ಬೇರೆ. ಎಷ್ಟೋ ಲವಣಗಳನ್ನು ಹಚ್ಚಿ ಸೋತ ಮೇಲೆ, ಕೊನೆಗೊಂದರ ದ್ರಾವಣ ಪದರದ ಮೇಲೆ ಹರಡಿ ಆ ತೂತುಗಳನ್ನು ಮುಚ್ಚಿತು. ಚಹಾ ಕುಡಿದು ಬಂದು ನೋಡಿದೆ, ಇನ್ನೂ ನೀಲಿ! ಎಂಥ ಖುಷಿ ಅಪ್ಪ! ಮೊಬೈಲ್ ತೆಗೆದು ನಿಮ್ಮ ನಂಬರ್ ಹುಡುಕಿದೆ. ಆಮೇಲೆ, ಎತ್ತಲು ನೀವಿಲ್ಲ ಎಂಬುದು ನೆನಪಾಯಿತು.

ಆ ಖುಷಿ ಆರುವ ಮೊದಲೇ ಗೈಡ್ ಸರ್ ಕರೆದರು. "ದೀಪ ಮಾಡುವ ಕಂಪೆನಿಯವರು ಬಂದಿದ್ರು. ಮೀನು ಸೆಳೆಯುವ ಲೈಟಿಗೆ ಇದನ್ನು ಬೆಳೆಸುವುದಾದ್ರೆ ನಿಮ್ಮ ಕೆಲಸ ಮುಂದುವರೀತದೆ. ಇಲ್ಲದಿದ್ರೆ ಪ್ರಾಜೆಕ್ಟ್ ಇಲ್ಲಿಗೇ ಮುಗೀತು. ನಮ್ಮಲ್ಲಿ ನಿಷೇಧ ಉಂಟು, ಅವರು ಹೊರದೇಶಕ್ಕೆ ಕಳಿಸ್ತಾರಂತೆ. ಯೋಚಿಸಿ ಹೇಳಿ." ಹೊರದೇಶವಾದರೆ ಸರಿಯೇ? ಅಲ್ಲಿನ ಮೀನುಮರಿ ಮರಿಯಲ್ಲವೇ? ಹಾಗಂತ ಬಿಟ್ಟುಬಿಟ್ಟರೆ, ಇಷ್ಟು ಒದ್ದಾಡಿ ನಿಲ್ಲಿಸಿದ ನೀಲಿ...

ಅಮ್ಮನನ್ನು ಕೇಳಿದೆ. ಮಾರ್ಕೆಟಿನಿಂದ ಬಂದು ಮೀನಿನ ಬುಟ್ಟಿ ತೊಳೆಯುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ. "ಬಂಗುಡೆ ತಾಜಾ ಉಂಟಾ ಅಂತ ಕೇಳ್ತಾರೆ. ಬಲೆಯದ್ದಾ, ಬೆಳಕಿನದ್ದಾ ಅಂತ ಯಾವ ಗಿರಾಕಿಯೂ ಕೇಳುವುದಿಲ್ಲ" ಎಂದಳು. ಒಪ್ಪು ಎಂದಳೋ ಬೇಡ ಎಂದಳೋ, ಬುಟ್ಟಿಯನ್ನು ಕೇಳಿದ್ದರೂ ಅಷ್ಟೇ ತಿಳಿಯುತ್ತಿತ್ತು.

ಅಣ್ಣನಾದರೂ ನಿಮ್ಮ ಹಾಗೆ ಸಿಡುಕಿ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕುಬಿಟ್ಟ.

"ನಾನು ಹೋಗುವುದೇ ಲೈಟ್ ಬೋಟಿಗೆ ಮಾರಾಯ್ತಿ. ಅಪ್ಪ ಹಾಸಿಗೆ ಹಿಡಿದಾಗಿನಿಂದ."

"ಅಪ್ಪನಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿಲ್ಲದೆ ಎಂತ? ಅವರೇ ಹೇಳಿದ್ದು, ಹೋಗು, ಅವಳಾದ್ರೂ ಓದಿ ಮುಗಿಸ್ಲಿ ಅಂತ."

ಅಂದಿನಿಂದ ನನಗೆ ಯಾವುದೂ ತಿಳಿಯುತ್ತಿಲ್ಲ. ದಕ್ಕೆಯಲ್ಲಿ ಕೂಗಿದ್ದೂ ನೀವೇ, ಮಗನನ್ನು ಅದೇ ಬೋಟಿಗೆ ಕಳಿಸಿದ್ದೂ ನೀವೇ. ನಾನು ಓದಿದ್ದು ಆ ಬೆಳಕಿಗೆ ಬಂದ ಮೀನಿನಿಂದಲೇ? ಹಾಗಾದರೆ ಗಂಜಿಗೆ ತುಟಿ ಬಿಗಿದಿರಲ್ಲ, ಅದು ಯಾರ ಮೇಲಿನ ಸಿಟ್ಟು ಅಪ್ಪ? ನನ್ನ ಮೇಲೋ, ನಿಮ್ಮ ಮೇಲೆಯೇ ಇದ್ದದ್ದೋ? ನೀವಿದ್ದಿದ್ದರೆ ಜಗಳವಾಡಿಯಾದರೂ ತಿಳಿದುಕೊಳ್ಳುತ್ತಿದ್ದೆ.

ನಾಳೆ ಸರ್‌ಗೆ ಬೇಡ ಎನ್ನುತ್ತೇನೆ. ಸರಿಯೋ ತಪ್ಪೋ, ದೇವರಾಣೆ ನನಗೆ ಗೊತ್ತಿಲ್ಲ. ಕಾವೂರಿನ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡಲು ಜನ ಬೇಕಂತೆ, ಕೇಳಿ ನೋಡುತ್ತೇನೆ. ಆ ಸಂಬಳದಲ್ಲಿ ಮನೆ ನಡೆದೀತು. ನನ್ನ ಸಲುವಾಗಿ ನೀವು ಅಣ್ಣನನ್ನು ಆ ಬೋಟಿಗೆ ಕಳಿಸಿದಿರಿ. ಅವನನ್ನು ಅಲ್ಲಿಂದ ಕರೆದುಕೊಂಡು ಬರುವುದು ನನ್ನ ಪಾಲಿಗಿರಲಿ.

ನಿಮ್ಮ ಮಗಳು