ಹಡಗು ತಿರುಗಿಸಿದ ದನಿ

ಅತ್ತಿಗೆ,

ಕಿವಿನೋವು ಬಿಟ್ಟರೆ ಚೆನ್ನಾಗಿದ್ದೇನೆ. ಹತ್ತಿ ಇಟ್ಟುಕೊಂಡೇ ಕಚೇರಿಗೆ ಹೋಗುತ್ತೇನೆ. ಉಪಗ್ರಹದ ರೇಡಾರ್ ಚಿತ್ರ ನೋಡಿ, ಸಮುದ್ರದಲ್ಲಿ ಮಂಜುಗಡ್ಡೆ ಎಲ್ಲಿದೆಯೆಂದು ಹಡಗುಗಳಿಗೆ ತಿಳಿಸುವುದು ನನ್ನ ಕೆಲಸ. ರೇಡಾರ್ ತರಂಗ ಅಡ್ಡಡ್ಡ ಕಂಪಿಸುತ್ತ ಹೋಗುತ್ತದೆ; ಹಾಗೇ ಮರಳಿದ ಪಾಲಿನ ಚಿತ್ರದಲ್ಲಿ ಗಾಳಿಗೆ ಕದಡಿದ ನೀರೂ ಗಡ್ಡೆಯೂ ಒಂದೇ ಬಿಳುಪು. ಗಡ್ಡೆಗೆ ಬಡಿದು ಕಂಪನ ಲಂಬಕ್ಕೆ ತಿರುಗಿದ ಪಾಲನ್ನಷ್ಟೇ ಸೋಸಿ ನೋಡಿದರೆ ನೀರು ಕಪ್ಪಾಗಿ ಗಡ್ಡೆ ಮಾತ್ರ ಹೊಳೆಯುತ್ತದೆ.

ಮೊನ್ನೆ ಒಂದು ಹಡಗು ಹಾಗೆ ಹೊಳೆಯುವ ಕಡೆಗೇ ಹೊರಟಿತ್ತು. ಫೋನಿನಲ್ಲಿ "ಮುಂದೆ ಹೋಗ್ಬೇಡಿ, ಗಡ್ಡೆ ಇದೆ" ಎಂದೆ.

"ಅದು ಬರೀ ಅಲೆ ಕಣಮ್ಮ. ಅಲ್ಲಿ ಗಂಡಸರು ಯಾರೂ ಇಲ್ವಾ? ಅವರ ಕೈಗೆ ಕೊಡು" ಎಂದ ಕಪ್ತಾನ.

ಪಕ್ಕದ ಮೇಜಿನ ಹೊಸಬನಿಗೆ ಕೊಟ್ಟೆ. ನಾನು ಪಿಸುಗುಟ್ಟಿದ್ದನ್ನೇ ಅವನು ಗಟ್ಟಿಯಾಗಿ ಹೇಳಿದ. ಹಡಗು ತಿರುಗಿತು.

ನಿನ್ನೆ ಸಾಹೇಬರು ಅವನಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ನಾನೂ ಹೊಡೆದೆ. ಆಮೇಲೆ ಅವನು ಮೆಲ್ಲಗೆ ಬಂದು, "ಮೇಡಂ, ತರಂಗ ತಿರುಗೋದು ಅಂದ್ರೆ ಏನು? ಸ್ವಲ್ಪ ಹೇಳಿಕೊಡ್ತೀರಾ?" ಎಂದ.

ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟೆ, ಅತ್ತಿಗೆ. ಇನ್ನು ಮೇಲೆ ಫೋನ್ ಎತ್ತುವವನು ಅವನೇ ಎಂದು ಸಾಹೇಬರ ಅಪ್ಪಣೆಯಾಗಿದೆ. ಹಡಗಿನಲ್ಲಿರುವವರು ಮುಳುಗಬಾರದಲ್ಲ!

ಕಾರ್ಡು ತುಂಬಿತು.

ನಿನ್ನ ನಾದಿನಿ