ಅಪ್ಪನಿಗೆ ಒಪ್ಪುವ ಸರ್ಜನ್

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ

ಪ್ರೀತಿಯ ತಮ್ಮಾ,

ನೋವಿಗೆ ವಿಳಾಸವಿಲ್ಲ ಎಂಬ ಸಾಲೊಂದನ್ನು ಎಲ್ಲೋ ಓದಿದ್ದೆ, ಮುಂದಿನದು ಮರೆತುಹೋಗಿದೆ. ಬರೆದವರು ದೊಡ್ಡ ಆಸ್ಪತ್ರೆ ನೋಡಿರಲಿಕ್ಕಿಲ್ಲ. ಇಲ್ಲಿ ಪ್ರತಿ ನೋವಿಗೂ ಒಂದು ಮಹಡಿ, ಒಂದು ಬಾಗಿಲು, ಬಾಗಿಲ ಮೇಲೆ ಪದವಿಗಳ ಬೋರ್ಡು. ನೀನು ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಬೆನ್ನುನೋವು ಕಡಿಮೆಯಾಯಿತೇ? ಪುಟ್ಟ ಮಕ್ಕಳ ಆಪರೇಷನ್ ಮಾಡುವವನಿಗೆ ಬಗ್ಗಿ ಬಗ್ಗಿಯೇ ಬೆನ್ನು ಹೋಗುತ್ತದೆ ಎಂದು ನೀನೇ ಹೇಳಿದ್ದೆ.

ಅಪ್ಪನ ಕರುಳಿನಲ್ಲಿ ಗಡ್ಡೆ ಇದೆ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತೆಗೆಯಬಹುದು, ತಡ ಮಾಡಬೇಡಿ ಎಂದಿದ್ದಾರೆ. ಅವರಿವರನ್ನು ವಿಚಾರಿಸಿ ನಾನು ಹುಡುಕಿದ ಸರ್ಜನ್‌ಗಳಲ್ಲಿ ಅಪ್ಪನಿಗೆ ಒಬ್ಬರೂ ಹಿಡಿಸಲಿಲ್ಲ. ಮೊದಲನೆಯವರು ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲವಂತೆ. ಎರಡನೆಯವರಿಗೆ ಇನ್ನೂ ಮೀಸೆಯೇ ಸರಿಯಾಗಿ ಬಂದಿಲ್ಲವಂತೆ. ಕೊನೆಗೆ ಸಿಕ್ಕ ಡಾಕ್ಟರಮ್ಮ ಕರುಳಿನ ಕ್ಯಾನ್ಸರಿಗೇ ಹೆಸರಾದವರು. ಕಾಗದದ ಮೇಲೆ ಚಿತ್ರ ಬರೆದು, ಎಲ್ಲಿ ಕತ್ತರಿಸಿ ಎಲ್ಲಿ ಹೊಲಿಯುತ್ತೇನೆಂದು ತಾಳ್ಮೆಯಿಂದ ವಿವರಿಸಿದರು. ಹೊರಗೆ ಬಂದ ಮೇಲೆ ಅಪ್ಪ, "ಜೀವಮಾನವೆಲ್ಲ ಬಟ್ಟೆ ಹೊಲಿದವನು ನಾನು. ಆಯಮ್ಮನ ಗೆರೆ ನೇರ ಇಲ್ಲ" ಅಂದರು. ನಗುವೂ ಬಂತು, ರೇಗಿಯೂ ಹೋಯಿತು.

ಯಾಕೆ ಹೀಗೆಂದು ನಿನಗೂ ಗೊತ್ತು. ಅಮ್ಮನ ಎದೆನೋವನ್ನು ಗ್ಯಾಸ್ ಎಂದುಕೊಂಡು ಅಪ್ಪ ಹೊಟ್ಟೆ ಡಾಕ್ಟರ ಸರದಿಯಲ್ಲಿ ಕೂರಿಸಿದ್ದರು. ಸರದಿ ಬರುವಷ್ಟರಲ್ಲಿ ಅಮ್ಮ ಇರಲಿಲ್ಲ. "ಯಾವ ಡಾಕ್ಟರ ಹತ್ರ ಹೋಗ್ಬೇಕು ಅಂತಾನೂ ಗೊತ್ತಾಗ್ಲಿಲ್ವಾ ನಿಮಗೆ?" ಎಂದು ಸಾವಿಗೆ ಬಂದವರೆಲ್ಲರ ಎದುರು ನೀನು ಕೇಳಿದೆ. ಆಮೇಲೆ ನೀನು ಈ ಮನೆಯ ಹೊಸ್ತಿಲು ತುಳಿದಿಲ್ಲ. ಅಪ್ಪ ಕೆಮ್ಮಿಗೂ ತಾವಾಗಿ ಒಬ್ಬ ಡಾಕ್ಟರನ್ನು ಆರಿಸಿಲ್ಲ. ದೂರುತ್ತಿಲ್ಲ ಮರಿ, ಅವತ್ತು ನೀನೂ ತಾಯಿಯನ್ನು ಕಳೆದುಕೊಂಡವನೇ. ಆ ಡಾಕ್ಟರಮ್ಮನ ಜೊತೆ ಒಮ್ಮೆ ಮಾತಾಡು. ಇವರೇ ಸರಿ ಎಂದು ಅಪ್ಪನಿಗೆ ಹೇಳು. ಅಷ್ಟು ಸಾಕು.

ಮೈ ಕೈ ನೋಡಿಕೋ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ಕವರು ಅಂಟಿಸುವ ಹೊತ್ತಿಗೆ ಪಕ್ಕದ ಮನೆಯ ಟೀಚರಮ್ಮ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. ಅಪ್ಪ ಮಲಗಿದ್ದಾರೋ ಎಂದು ಇಣುಕಿ ನೋಡಿ, ದನಿ ತಗ್ಗಿಸಿದರು: "ನಿನ್ನ ತಮ್ಮನ ಆಸ್ಪತ್ರೆಗೆ ಫೋನ್ ಮಾಡಿ ತಮಗೊಂದು ಟೋಕನ್ ತೆಗೆಸಿಕೊಡಿ ಅಂತಿದಾರೆ ಕಣಮ್ಮ ನಿಮ್ಮಪ್ಪ. ಅವನು ಚಿಕ್ಕ ಮಕ್ಕಳ ಡಾಕ್ಟರ್ ಅಲ್ವಾ ಅಂದೆ. ಗೊತ್ತು ಅಂದ್ರು. ಅಪ್ಪ ಅಂತ ಹೇಳ್ಬೇಡಿ, ಪೇಷಂಟ್ ಅಂತ ಹೇಳಿ, ಒಳಗೆ ಬಿಟ್ಕೋತಾನೆ ಅಂದ್ರು."