ಗಾಜಿನ ಪೆಟ್ಟಿಗೆಯಿಂದ ಹೊರಬಿದ್ದ ಹೆಂಗಸರು

ಮಂಗಳವಾರ, ಊಟವಾದ ಮೇಲೆ

ನನ್ನ ಒಬ್ಬಳೇ ಮಗಳಾದ ಪುಟ್ಟಿಗೆ, ನಿನ್ನ ಕ್ಷೇಮವನ್ನು ಕೋರುತ್ತ, ತನ್ನ ಕ್ಷೇಮವನ್ನು ತಾನೇ ನೋಡಿಕೊಳ್ಳಲು ಶಕ್ತಳಾದ ನಿನ್ನ ತಾಯಿ ತಿಳಿಯಪಡಿಸುವುದೇನೆಂದರೆ:

ನೀನು ಕಳುಹಿಸಿದ ಪೆಟ್ಟಿಗೆ ಸುರಕ್ಷಿತವಾಗಿ ತಲುಪಿತು. ನೀಲಿ ಮಖಮಲ್ಲಿನ ಗುಳಿಗಳಲ್ಲಿ ನಮ್ಮ ಹೆಂಗಸರು ಸಾಲಾಗಿ ಕುಳಿತಿದ್ದರು. ಮೊದಲ ವೈದ್ಯೆ, ವಿಮಾನ ಹಾರಿಸಿದವಳು, ನಕ್ಷತ್ರಗಳ ಲೆಕ್ಕ ಹಾಕಿದವಳು, ಉಳಿದವರೆಲ್ಲರೂ. ಅವರ ಮುಖ ಅಚ್ಚಾದ, ಯಾರ ಕೈಯೂ ಮುಟ್ಟದ ಹೊಸ ನಾಣ್ಯಗಳು. ಮೇಲೆ ಗಾಜು, ಗಾಜಿಗೆ ಹಿತ್ತಾಳೆಯ ಚಿಲಕ. ಜೊತೆಗಿದ್ದ ಚೀಟಿಯಲ್ಲಿ ನೀನು, "ಇನ್ಮೇಲೆ ಬಿಸಿಲಲ್ಲಿ ಅಲೆಯೋದು ಬೇಡಮ್ಮ, ಎಲ್ಲರೂ ಮನೆಗೇ ಬಂದಿದ್ದಾರೆ" ಎಂದು ಬರೆದಿದ್ದೆ. ನಿನ್ನ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆ ವಾಕ್ಯವನ್ನು ಮಾತ್ರ ಒಪ್ಪುವುದಿಲ್ಲ.

ಬಸ್ಸಿನಿಂದ ಇಳಿಯುವಾಗ ನಾನು ಬಿದ್ದೆನೆಂಬ ಕಾರಣದ ಮೇಲೆ, ಕಳೆದ ಚಳಿಗಾಲದಿಂದ ನಿನ್ನ ಅಣ್ಣ ನನ್ನ ಹೊರಗಿನ ಚಪ್ಪಲಿಯನ್ನು ಅಟ್ಟಕ್ಕೇರಿಸಿದ್ದಾನೆಂಬುದು ನಿನಗೆ ತಿಳಿದ ವಿಷಯ. ಇಷ್ಟು ದಿನ ನಾನು ವಾದ ಮಾಡಲು ಒಂದು ಆಧಾರವಾದರೂ ಇತ್ತು: ನನ್ನ ಸಂಗ್ರಹ ಇನ್ನೂ ಪೂರ್ತಿಯಾಗಿಲ್ಲ, ಆದ್ದರಿಂದ ಹೊರಗೆ ಹೋಗಬೇಕು. ನಿನ್ನ ಪೆಟ್ಟಿಗೆ ಬಂದದ್ದೇ ತಡ, ಅದೂ ಬಿದ್ದುಹೋಯಿತು. "ಸೆಟ್ ಪೂರ್ತಿ ಆಯ್ತಲ್ಲಮ್ಮ, ಇನ್ನೇನು ಹುಡುಕ್ತೀಯ?" ಎಂದು ನಿನ್ನ ಅಣ್ಣ ಗೋಡೆಗೆ ಮೊಳೆ ಹೊಡೆದು, ಪೆಟ್ಟಿಗೆಯನ್ನು ನನ್ನ ಮಂಚದ ಎದುರಿಗೇ ತೂಗುಹಾಕಿದ.

ಅಷ್ಟಕ್ಕೆ ನಿಂತಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಒಂದೇ ನಾಣ್ಯ ಎರಡೆರಡು ಏಕೆಂದು ಯೋಚಿಸಿ, ನಿಬ್ಬಿನ ಡಬ್ಬಿಯಲ್ಲಿದ್ದ ನನ್ನ ಹಳೆಯ ನಾಣ್ಯಗಳನ್ನು ಅವನು ಅಡುಗೆಮನೆಯ ಚಿಲ್ಲರೆ ಬಟ್ಟಲಿಗೆ ಸುರಿದ. ಅವು ಹಾಲಿನವನಿಗೆ, ಪೇಪರಿನವನಿಗೆ, ಇಸ್ತ್ರಿ ಅಂಗಡಿಗೆ ಹಂಚಿಹೋದವು. ನನಗೆ ತಿಳಿಯುವಷ್ಟರಲ್ಲಿ ಬಟ್ಟಲಿನ ತಳ ಕಾಣುತ್ತಿತ್ತು.

ನೀವಿಬ್ಬರೂ ಓದಿಕೊಂಡವರು, ಆದರೂ ನನ್ನ ಸಂಗ್ರಹದ ಕ್ರಮವನ್ನು ಒಮ್ಮೆಯೂ ಕೇಳಲಿಲ್ಲವಾದ ಕಾರಣ ಈಗ ಹೇಳುತ್ತೇನೆ. ನಾನು ನಾಣ್ಯವನ್ನು ಕೊಂಡವಳಲ್ಲ, ಬ್ಯಾಂಕಿನಲ್ಲಿ ಕೇಳಿ ಪಡೆದವಳೂ ಅಲ್ಲ. ಮನೆಗೆ ಬೇಕಾದ ಸಾಮಾನು ಕೊಳ್ಳುವುದು, ಬಂದ ಚಿಲ್ಲರೆಯನ್ನು ಅಂಗಡಿಯ ಮುಂದೆಯೇ ನಿಂತು ನೋಡುವುದು, ಸಿಕ್ಕರೆ ಇಟ್ಟುಕೊಳ್ಳುವುದು. ನಾಣ್ಯ ಸವೆದಿರಬೇಕು. ನನ್ನ ವೈದ್ಯೆಯ ಮೂಗು ಅರ್ಧ ಅಳಿಸಿಹೋಗಿತ್ತು. ಎಷ್ಟು ಜನರ ಅಂಗೈ ದಾಟಿ ಬಂದಿದ್ದಳೋ! ಸರಕಾರ ಅವರನ್ನು ಪದಕವಾಗಿ ಅಚ್ಚು ಹಾಕಿಸದೆ ಚಲಾವಣೆಗೆಂದು ಅಚ್ಚು ಹಾಕಿಸಿತು. ಅಷ್ಟರ ಮಟ್ಟಿಗೆ ಸರಕಾರಕ್ಕೆ ಬುದ್ಧಿ ಇತ್ತು. ಬಸ್ ನಿಲ್ದಾಣದ ಬಳಿ ಚಪ್ಪಲಿ ಹೊಲಿಯುವವನು ಒಮ್ಮೆ ನಕ್ಕು ಹೇಳಿದ್ದ: "ರಾಜರ ದುಡ್ಡು ಹುಡುಕೋರನ್ನ ನೋಡಿದ್ದೀನಮ್ಮ, ರಾಣಿಯರದ್ದು ಹುಡುಕೋರನ್ನೂ ನೋಡಿದ್ದೀನಿ. ಕೆಲಸಕ್ಕೆ ಹೋದ ಹೆಂಗಸರನ್ನ ಹುಡುಕೋರು ನೀವೊಬ್ಬರೇ!"

ಇಷ್ಟು ವರ್ಷ ಹುಡುಕಿದರೂ ಒಬ್ಬಳು ಮಾತ್ರ ನನಗೆ ಸಿಕ್ಕಿರಲಿಲ್ಲ. ಕಪ್ಪು ಕೋಟು ತೊಟ್ಟು ನ್ಯಾಯಾಲಯದಲ್ಲಿ ವಾದಿಸಿದ ಮೊದಲ ವಕೀಲೆ. ಅವಳ ಮೇಲೆ ನನಗೆ ಏಕೆ ಅಷ್ಟು ಆಸೆಯೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ನ್ಯಾಯಾಲಯದ ಗೇಟಿನ ಹೊರಗೆ, ಅರ್ಜಿ ಬರೆಯುವವರ ಮೇಜಿನ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಶುದ್ಧಪ್ರತಿ ಮಾಡುತ್ತ ನಿಮ್ಮಿಬ್ಬರನ್ನು ಸಾಕಿದೆ. "ಈ ಬಡವಳ ಮೊರೆಯನ್ನು ಆಲಿಸಬೇಕಾಗಿ" ಎಂದು ಎಷ್ಟು ಜನರ ಪರವಾಗಿ ಬರೆದೆನೋ! ಕಾಗದ ಒಳಗೆ ಹೋಗುತ್ತಿತ್ತು, ನಾನು ಗೇಟಿನಲ್ಲಿ ಉಳಿಯುತ್ತಿದ್ದೆ. ಒಳಗೆ ಹೋಗಿ ನಿಂತು ಬಾಯಿಬಿಟ್ಟು ಮಾತಾಡಿದವಳು ಅವಳು.

ನಿನ್ನೆ ಬೆಳಗ್ಗೆ ನಿನ್ನ ಅಣ್ಣ ಕೆಲಸಕ್ಕೆ ಹೋದ ನಂತರ ಪೆಟ್ಟಿಗೆಯನ್ನು ಮೊಳೆಯಿಂದ ಇಳಿಸಿದೆ. ಹಿತ್ತಾಳೆಯ ಚಿಲಕ ಬರೀ ಅಲಂಕಾರಕ್ಕೆ, ಗಾಜನ್ನು ಅಂಟಿಸಿಬಿಟ್ಟಿದ್ದರು. ಚಟ್ನಿ ಅರೆಯುವ ಕಲ್ಲಿನಿಂದ ಒಂದೇ ಏಟು ಕೊಟ್ಟೆ. ಸದ್ದು ಕೇಳಿ ನಿನ್ನ ಅತ್ತಿಗೆ ಓಡಿಬಂದಳು. ಬೈಯುತ್ತಾಳೆಂದು ನಾನು ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವಳೋ ಸ್ಟೂಲು ಹತ್ತಿ, ಅಟ್ಟದ ಮೇಲಿದ್ದ ನನ್ನ ಚಪ್ಪಲಿಯನ್ನು ಇಳಿಸಿ, ಧೂಳು ಒರೆಸಿ, ಕಾಲ ಬಳಿ ಇಟ್ಟಳು.

ಬಸ್ಸಿನಲ್ಲಿ ನಮ್ಮ ಕಂಡಕ್ಟರಮ್ಮನೇ ಇದ್ದಳು. "ಏನಜ್ಜಿ, ಎಲ್ಲಿ ಮಾಯವಾಗಿದ್ರಿ? ನಿಮಗೆ ಅಂತ ಚಿಲ್ಲರೆ ಎತ್ತಿಟ್ಟು ಎತ್ತಿಟ್ಟು ಸಾಕಾಯ್ತು!" ಎಂದಳು. ನಾನು ಟಿಕೆಟ್ಟಿಗೆ ವಿಮಾನದವಳನ್ನು ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, "ಇದೇನು ಇಷ್ಟು ಹೊಳೀತಿದೆ? ಖೋಟಾ ಅಲ್ಲ ತಾನೇ?" ಎಂದು ಕೇಳಿದಳು.

"ಇಷ್ಟು ದಿನ ಮನೇಲೇ ಕೂತಿದ್ಲು ಕಣಮ್ಮ, ಅದಕ್ಕೇ ಹೊಳಪು" ಎಂದೆ. ಬಸ್ಸಿನವರೆಲ್ಲ ನಕ್ಕರು. ಡ್ರೈವರ್ ಕೂಡ ತಿರುಗಿ ನೋಡಿದ.

ನಕ್ಷತ್ರದವಳು ತರಕಾರಿ ಅಂಗಡಿಗೆ ಹೋದಳು. ವೈದ್ಯೆ ನನ್ನ ಹರಿದ ಚಪ್ಪಲಿಯ ಹೊಲಿಗೆಗೆ ಹೋದಳು. ಹೀಗೆ ಒಬ್ಬೊಬ್ಬರನ್ನೂ ಅವರವರ ದಾರಿಗೆ ಬಿಟ್ಟೆ. ತರಕಾರಿಯವನು ಕೊಟ್ಟ ಚಿಲ್ಲರೆಯಲ್ಲಿ ಮೂಗು ಸವೆದ ಒಬ್ಬ ವೈದ್ಯೆ ಸಿಕ್ಕಿದಳು. ನನ್ನ ಡಬ್ಬಿಯವಳೇ ಎಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಡಬ್ಬಿಗೆ ಮತ್ತೆ ಒಬ್ಬಳು ಬಂದಳು.

ವಕೀಲೆಯನ್ನು ಕೊನೆಯವರೆಗೆ ಮುಷ್ಟಿಯಲ್ಲೇ ಹಿಡಿದಿದ್ದೆ. ಇಟ್ಟುಕೊಳ್ಳುವ ಆಸೆಯಾಗಲಿಲ್ಲವೆಂದರೆ ಸುಳ್ಳು ಪ್ರಮಾಣಪತ್ರವಾದೀತು. ಅವಳ ಕೋಟಿನ ಗುಂಡಿಗಳೂ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಆದರೆ ಗೇಟಿನಲ್ಲಿ ಉಳಿದವಳ ಮನೆಯಲ್ಲಿ ಅವಳೂ ಉಳಿದುಬಿಟ್ಟರೆ, ಅವಳು ಒಳಗೆ ಹೋಗಿ ವಾದಿಸಿದ್ದಕ್ಕೆ ಏನು ಅರ್ಥ? ಅಂಚೆ ಕಚೇರಿಯ ಕಿಟಕಿಯಲ್ಲಿ ಅವಳನ್ನು ಕೊಟ್ಟುಬಿಟ್ಟೆ. ಈ ಲಕೋಟೆಯ ಮೇಲಿರುವ ಅಂಚೆಚೀಟಿ ಅವಳಿಗೆ ಬದಲಾಗಿ ಬಂದದ್ದು. ಸವೆದ ಮುಖ ಹೊತ್ತು ಅವಳು ಎಂದಾದರೂ ನನ್ನ ಚಿಲ್ಲರೆಗೆ ಬಂದರೆ, ಆಗ ಇಟ್ಟುಕೊಳ್ಳುತ್ತೇನೆ.

ರಾತ್ರಿ ಊಟಕ್ಕೆ ಕುಳಿತಾಗ ನಿನ್ನ ಅಣ್ಣ ಗೋಡೆಯ ಖಾಲಿ ಮೊಳೆ ನೋಡಿ ಕೂಗಾಡಿದ. "ಗಾಜು ಒಡೆದ್ರೆ ಆ ಸೆಟ್ಟಿನ ಬೆಲೆಯೇ ಹೋಯ್ತಲ್ಲಮ್ಮ!"

"ಎಲ್ಲಿಗೆ ಹೋಯ್ತಪ್ಪ? ನಿನ್ನ ತಟ್ಟೇಲಿ ಬದನೆಕಾಯಿ ಆಗಿ ಕೂತಿದೆ, ತಿನ್ನು" ಎಂದೆ.

ಪುಟ್ಟಿ, ಈ ಕಾಗದದ ಧಾಟಿ ಅರ್ಜಿಯಂತೆ ಕಂಡರೆ ಅದು ಕೈಯ ಅಭ್ಯಾಸ. ಇದರಲ್ಲಿ ಕೋರಿಕೆ ಯಾವುದೂ ಇಲ್ಲ. ದಿನಾಲೂ ಹೊರಗೆ ಹೋಗುತ್ತೇನೆ, ಬಸ್ಸು ಹತ್ತುತ್ತೇನೆ, ಚಿಲ್ಲರೆ ನೋಡುತ್ತೇನೆ. ಮೇಲ್ಮನವಿಗೆ ಅವಕಾಶವಿರುವುದಿಲ್ಲ. ನನಗೆ ಇನ್ನೇನಾದರೂ ಕಳುಹಿಸಬೇಕೆನಿಸಿದರೆ, ನೀನು ದಿನಾ ಹೋಗಿಬರುವ ಅಂಗಡಿಗಳ ಚಿಲ್ಲರೆಯನ್ನು ನೋಡದೆ ಕಳುಹಿಸು. ನೋಡುವ ಸುಖ ನನಗಿರಲಿ.

ಇಷ್ಟನ್ನು ಯಾರ ಒತ್ತಾಯವೂ ಇಲ್ಲದೆ, ಯಾರದೂ ನಕಲಲ್ಲದೆ, ಸ್ವಂತ ಬುದ್ಧಿಯಿಂದ ಬರೆದು ಸಹಿ ಮಾಡಿರುವ,

ನಿನ್ನ ಅಮ್ಮ

ಮರೆತ ಮಾತು: ಮುಗಿಸಿ ಮಡಿಸುವಷ್ಟರಲ್ಲಿ ನಿನ್ನ ಅತ್ತಿಗೆ ಬಂದು ನಿಂತಿದ್ದಾಳೆ. "ಅದನ್ನೂ ಬರೀರಿ ಅತ್ತೆ. ನೀವು ಬರೀದಿದ್ರೆ ನಾನೇ ಬರೀತೀನಿ" ಎಂದು ಹಟ ಹಿಡಿದಿದ್ದಾಳೆ. ಆದುದರಿಂದ ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ನಾನು ಬಿದ್ದದ್ದು ಬಸ್ಸಿನಿಂದಲ್ಲ. ಅವಳು ಆಗಷ್ಟೇ ತೊಳೆದಿದ್ದ ಬಚ್ಚಲಿನ ನೆಲದ ಮೇಲೆ ಜಾರಿದೆ. ನಿನ್ನ ಅಣ್ಣನ ಕೋಪ ಅವಳ ಮೇಲೆ ತಿರುಗಬಾರದೆಂದು ಬಸ್ಸಿನ ಹೆಸರು ಹೇಳಿದೆ. ಪಾಪ, ಬಸ್ಸು ನನ್ನನ್ನು ಎಂದೂ ಬೀಳಿಸಿಲ್ಲ. ನಾನು ಬಿದ್ದದ್ದು ಮನೆಯಲ್ಲಿ.